ಬರಿಗಾಲು ಮೇಸ್ತ್ರಿ

ಕ್ಲಚ್ ಮೆತ್ತಗಾದ ಕಾರು ರಿಪೇರಿಗೆ ಬಂದರೆ ಮೇಸ್ತ್ರಿ ಮೊದಲು ತೆಗೆಯುತ್ತಿದ್ದುದು ಬಾನೆಟ್ಟನ್ನಲ್ಲ, ತನ್ನ ಎಡಗಾಲಿನ ಬೂಟನ್ನು. ಕೊನೆಯ ದಿನವೂ ಹಾಗೆಯೇ. ಬೂಟು ಕಳಚಿ, ಕಾಲುಚೀಲ ಕಳಚಿ, ನರ್ಸಮ್ಮನ ಹಳೆಯ ಕಾರಿನೊಳಗೆ ಕೂತು, ಕಣ್ಣು ಮುಚ್ಚಿ ಬರಿಗಾಲನ್ನು ಪೆಡಲಿನ ಮೇಲಿಟ್ಟ. ನರ್ಸಮ್ಮ ಕಿಟಕಿಯ ಬಳಿ ನಿಂತು ಕಾರಿನ ಕಥೆಯನ್ನೆಲ್ಲ ಶುರುಮಾಡಿದಳು.

“ಸ್ವಲ್ಪ ಸುಮ್ನಿರಿ ನರ್ಸಮ್ಮ. ಕಾಲು ಮಾತಾಡ್ಲಿ.”

ನಿಧಾನವಾಗಿ ಒತ್ತಿದ, ಪೆಡಲು ನೆನೆದ ಹತ್ತಿಯ ಹಾಗೆ ತಳಕ್ಕಿಳಿಯಿತು. ಬೇಗಬೇಗ ನಾಲ್ಕು ಸಲ ಒತ್ತಿದ; ಗಟ್ಟಿಯಾಯಿತು. ಒತ್ತಿಯೇ ಹಿಡಿದ, ಮೆಲ್ಲಗೆ ಮತ್ತೆ ಕುಸಿಯಿತು. ಅವನ ಮುಖ ಅರಳಿತು. ಪೆಡಲಿನ ಹಿಂದೆ ಮೇಲಕ್ಕೆ ಕೈ ತೂರಿಸಿ, ಒದ್ದೆಯಾದ ಬೆರಳನ್ನು ಹೊರಗೆ ತಂದು ತೋರಿಸಿದ.

“ಮಾಸ್ಟರ್ ಸಿಲಿಂಡರಿನ ವಾಷರ್ ಸವೆದಿದೆ, ಅಷ್ಟೇ. ಎಣ್ಣೆ ಹೊರಗೆ, ಗಾಳಿ ಒಳಗೆ.”

“ಆಚೆ ಬೀದಿ ಗ್ಯಾರೇಜಿನವನು ಗೇರ್‌ಬಾಕ್ಸೇ ಇಳಿಸ್ಬೇಕು ಅಂದ.”

“ನೆಗಡಿ ಅಂತ ಬಂದೋರಿಗೆ ನೀವು ಹೊಟ್ಟೆ ಕುಯ್ತೀರಾ?”

ಅವನ ನಡಿಗೆಯೂ ಹಾಗೇ ಇತ್ತು. ರಸ್ತೆಯಲ್ಲೂ ಎಡಗಾಲನ್ನು, ಎಲ್ಲಿ ಪೆಡಲು ಸಿಕ್ಕೀತೋ ಎಂಬಂತೆ, ಮೆಲ್ಲಗೆ ಊರುತ್ತಿದ್ದ. ನೀಲಿ ಕೋಟಿನ ಜೇಬು ಹರಿದು, ಸ್ಪ್ಯಾನರುಗಳೆಲ್ಲ ಅಸ್ತರಿನೊಳಗೆ ಬಿದ್ದು, ನಡೆದರೆ ಗಲಗಲ ಎನ್ನುತ್ತಿದ್ದವು. ಹೊಲಿದುಕೊಡುತ್ತೇನೆಂದು ಹೆಂಡತಿ ಕೇಳಿದರೆ ಕೊಡುತ್ತಿರಲಿಲ್ಲ. “ಬಿದ್ರೆ ಎಲ್ಲಿ ಹೋಗತ್ತೆ? ಕೋಟೊಳಗೇ ಇರತ್ತಲ್ಲೇ.”

ಕ್ಲಚ್ಚಿನ ಪೈಪಿನಿಂದ ಗಾಳಿ ತೆಗೆಯಲು ಇಬ್ಬರು ಬೇಕು: ಒಬ್ಬರು ಪೆಡಲಿಗೆ, ಒಬ್ಬರು ಕಾರಿನಡಿಗೆ. ಮದುವೆಯಾದ ಎಂಟನೆಯ ದಿನದಿಂದ ಪೆಡಲು ಹೆಂಡತಿಯದು. ಅಡಿಯಿಂದ ಅವನು “ಒತ್ತು” ಎಂದರೆ ಒತ್ತಬೇಕು, “ಹಿಡಿ” ಎಂದರೆ ಹಿಡಿಯಬೇಕು, ಅವನು ಪೈಪಿನ ತುದಿಯ ನಿಪ್ಪಲು ಬಿಚ್ಚಿ, ಗಾಳಿ ಹೊರಬಿಟ್ಟು, ಮುಚ್ಚಿ “ಬಿಡು” ಎನ್ನುವವರೆಗೆ ಕಾಲೆತ್ತಬಾರದು. ಎತ್ತಿದರೆ ಹೋದ ಗಾಳಿ ವಾಪಸು. ಮನೆಯಲ್ಲಿ ಜಗಳವಾದ ದಿನ ಬೇಕೆಂದೇ ಎತ್ತಿಬಿಡುತ್ತಿದ್ದಳು. ಅವನು ಮೂಗಿಗೆ ಎಣ್ಣೆ ಮೆತ್ತಿಕೊಂಡು ಹೊರಗೆ ತೆವಳಿ ಬಂದು, “ನನ್ಮೇಲಿನ ಸಿಟ್ಟು ನನ್ಮೇಲೇ ತೀರಿಸ್ಕೊಳ್ಳೇ, ಪಾಪ ಕಾರು ಏನ್ಮಾಡ್ತು?” ಎನ್ನುತ್ತಿದ್ದ. ಆ ಮೂಗು ನೋಡಿದ ಮೇಲೆ ಸಿಟ್ಟು ಉಳಿಯುತ್ತಿರಲಿಲ್ಲ.

ಆ ಸಂಜೆ ವಾಷರ್ ಬದಲಿಸಿ, “ಗಾಳಿ ನಾಳೆ ತೆಗೆಯೋಣ” ಎಂದ. ಬೆಳಿಗ್ಗೆ ಏಳಲಿಲ್ಲ. ಎದೆಬಡಿತ ನಿಂತುಹೋಗಿದೆ ಎಂದರು.

ಹದಿನೈದು ದಿನ ಶೆಡ್ಡು ಮುಚ್ಚಿತ್ತು. ಹದಿನಾರನೆಯ ದಿನ ನರ್ಸಮ್ಮ ಬಂದಳು, ಹಿಂದೆಯೇ ಆಚೆ ಬೀದಿಯವನು, ಹಗ್ಗ ಹಿಡಿದು.

“ಕಾರು ಎಳ್ಕೊಂಡು ಹೋಗ್ತೀನಕ್ಕಾ. ಗೇರ್‌ಬಾಕ್ಸ್ ಇಳಿಸ್ದೆ ಆಗಲ್ಲ ಅಂತ ನಾನು ಅವತ್ತೇ ಅಂದಿದ್ದೆ.”

ಗಂಡ ಹೋದ. ಅವನ ಮಾತೂ ಹೋಗಬೇಕೆ?

“ಅವರು ಬೇಡ ಅಂದಿದ್ದಾರೆ. ನರ್ಸಮ್ಮ, ಚಪ್ಪಲಿ ಬಿಟ್ಟು ಹತ್ತಿ.”

ಎಣ್ಣೆ ತುಂಬಿಸಿ, ಜೀವಮಾನದಲ್ಲಿ ಮೊದಲ ಸಲ ಕಾರಿನಡಿಗೆ ಮೇಸ್ತ್ರಿಯ ಹೆಂಡತಿ ಹೋದಳು. “ಒತ್ತಿ. ಹಿಡೀರಿ.” “ಬಿಡಿ” ಎನ್ನುವ ಮೊದಲೇ ನರ್ಸಮ್ಮ ಕಾಲೆತ್ತಿಬಿಟ್ಟಳು.

“ಸೂಜಿ ಚುಚ್ಚೋವಾಗ್ಲೂ ಇಷ್ಟೇ ಅವಸರಾನಾ?”

“ಚುಚ್ಚಿಸ್ಕೊಳ್ಳೋರು ಓಡೋಗ್ತಾರೆ, ನಾನೇನ್ಮಾಡ್ಲಿ!”

ಇಬ್ಬರೂ ನಕ್ಕರು. ಹದಿನಾರು ದಿನದಲ್ಲಿ ಅವಳ ಮೊದಲ ನಗು, ಅದೂ ಕಾರಿನಡಿಯಲ್ಲಿ, ಮಲಗಿಕೊಂಡು. ಮತ್ತೆ ಮೊದಲಿನಿಂದ. ಹನ್ನೊಂದನೆಯ ಸಲಕ್ಕೆ ನಿಪ್ಪಲಿನಿಂದ ಗುಳ್ಳೆಯಿಲ್ಲದ ಎಣ್ಣೆ ಬಂತು. ಆಚೆ ಬೀದಿಯವನು ತಾನೇ ಕೂತು ಒತ್ತಿ ನೋಡಿದ. ಪೆಡಲು ಅವನ ಕಾಲನ್ನು ಎದುರಿಸಿ ನಿಂತಿತು. ಗೇರು ಬೆಣ್ಣೆಯಂತೆ ಬಿತ್ತು. ಇಳಿದು ಹಗ್ಗ ಸುತ್ತಿಕೊಂಡ.

“ಮೇಸ್ತ್ರಿ ಹೇಳಿದ್ದೇ ಸರಿ ಅಕ್ಕಾ.”

ಇಂಥವರು ತಮಗೆ ಗೊತ್ತಿರುವುದನ್ನು ಯಾರನ್ನೂ ಕೂರಿಸಿಕೊಂಡು ಕಲಿಸುವುದಿಲ್ಲ. ಸ್ವಲ್ಪ ಬಾ, ನಿನ್ನ ಕಾಲು ಬೇಕು ಎನ್ನುತ್ತಾರೆ. ಹಾಗೆ ಕರೆದು ಕರೆದೇ ಒಂದು ಆಯುಷ್ಯ ಕಳೆಯುತ್ತಾರೆ. ಅವರು ಹೋದ ಮೇಲೆ ನೋಡಿದರೆ ವಿದ್ಯೆ ನಮ್ಮಲ್ಲೇ ಇರುತ್ತದೆ.

ದಿನವೂ ಬೆಳಿಗ್ಗೆ ಅವಳು ಶೆಡ್ಡಿನ ಬಾಗಿಲೆತ್ತಿ, ಸೋರಿದ್ದು ಗೊತ್ತಾಗಲೆಂದು ರಾತ್ರಿ ನಿಂತ ಕಾರುಗಳ ಅಡಿಗೆ ಹಾಸಿಟ್ಟ ರಟ್ಟುಗಳನ್ನು ಎಳೆದು ಬೆಳಕಿಗೆ ಹಿಡಿಯುತ್ತಾಳೆ. ಕಪ್ಪು ಕಲೆ ಇಂಜಿನ್ನಿನದು. ತೆಳ್ಳನೆಯ ಹಳದಿಯಾದರೆ ಬ್ರೇಕಿನದೋ ಕ್ಲಚ್ಚಿನದೋ. ಸೋರಿದ್ದೆಲ್ಲಿ ಎಂಬ ಗುರುತಿಗೆ ಕಲೆಯ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ಹೊಸ ರಟ್ಟು ಹಾಸುತ್ತಾಳೆ.