ಸೊಸೆಯ ಕೈಗೊಪ್ಪುವ ರೂಟರ್

ಶಾಲೆಯ ಮೇಜಿನ ಚೂಪು ಅಂಚು ತಾಗಿ ಒಂದು ಮಗುವಿನ ಹಣೆ ಸೀಳಿತು. ಆಮೇಲೆ ಎಚ್ಚೆತ್ತ ಶಾಲೆಯವರು ಅರವತ್ತು ಮೇಜುಗಳಿಗೆ ಹೊಸ ಹಲಗೆ ಬೇಕು, ಎಲ್ಲದರ ಅಂಚೂ ಗುಂಡಗೆ ನುಣುಪಾಗಿರಬೇಕು ಎಂದು ಆ ಕೆಲಸವನ್ನು ಮೇಸ್ತ್ರಿಯ ಮನೆಗೆ ಕೊಟ್ಟರು.

ಮೇಸ್ತ್ರಿಯ ಮನೆಗೆ ಎಂದರೆ ಮೇಸ್ತ್ರಿಯ ಸೊಸೆಗೆ. ಪೀಠೋಪಕರಣದ ಕಾರ್ಖಾನೆಯಲ್ಲಿ ಜೀವ ತೇಯ್ದ ಮೇಸ್ತ್ರಿಗೆ ಈಗ ಮಂಡಿನೋವು, ಹೆಚ್ಚು ಹೊತ್ತು ನಿಲ್ಲಲಾಗದು. ಮಗ ಲಾರಿ ಓಡಿಸುತ್ತ ವಾರಕ್ಕೊಮ್ಮೆ ಮುಖ ತೋರಿಸುವವನು. ಹಿಂಬದಿಯ ಕೋಣೆಯಲ್ಲಿ ಗರಗಸ, ಉಜ್ಜುಗೊರಡು ಹಿಡಿದು ನಿಲ್ಲುತ್ತಿದ್ದವಳು ಸೊಸೆ. ಮರದ ಕೆಲಸ ಕಲಿಸಿದವನು ಮಾವನೇ. ಬೀದಿಯವರು ಮಾತ್ರ ಕೆಲಸ ಯಾರದೆಂದು ಕೇಳಿದರೆ ಇಂದಿಗೂ ಮಾವನ ಹೆಸರನ್ನೇ ಹೇಳುತ್ತಿದ್ದರು.

ಕೈಯಲ್ಲೇ ಉಜ್ಜಿ ಉಜ್ಜಿ ಸೊಸೆ ನಾಲ್ಕು ದಿನಕ್ಕೆ ಆರು ಹಲಗೆ ಮುಗಿಸಿದಳು. ಅಷ್ಟಕ್ಕೇ ಮಣಿಕಟ್ಟು ಊದಿಕೊಂಡಿತು. ಹೀಗೇ ಹೋದರೆ ಕೆಲಸ ಗಡುವಿಗೆ ಮುಗಿಯುವುದಿಲ್ಲ, ಇನ್ನೊಬ್ಬರ ಪಾಲಾಗುತ್ತದೆ ಎಂದು ಮೇಸ್ತ್ರಿಗೆ ಗಾಬರಿಯಾಯಿತು. ಹಳೆಯ ಕಾರ್ಖಾನೆಗೆ ಹೋಗಿ, ಮೂಲೆಯಲ್ಲಿ ಬಿದ್ದಿದ್ದ ದೊಡ್ಡದೊಂದು ರೂಟರ್ ಕೇಳಿ ತಂದ. ಗಿರಗಿರನೆ ತಿರುಗುವ ಅಲಗಿನಿಂದ ಮರದ ಅಂಚು ಕೊರೆದು ಗುಂಡಗೆ ಮಾಡುವ ಯಂತ್ರ ಅದು.

"ಇದೇನ್ರೀ, ಯಾರದಾದ್ರೂ ಹಿಟ್ಟಿನ ಗಿರಣಿ ಕಿತ್ಕೊಂಡು ಬಂದ್ರಾ?" ಎಂದಳು ಮೇಸ್ತ್ರಿಯ ಹೆಂಡತಿ.

"ನಿಂಗೇನು ಗೊತ್ತು, ಸುಮ್ನಿರೇ. ಮಷೀನ್ ಅಂದ್ರೆ ಹೀಗಿರಬೇಕು," ಎಂದ ಮೇಸ್ತ್ರಿ ಸೊಸೆಯ ಕಡೆ ತಿರುಗಿದ. "ನೀನು ಆ ತುದಿ ಗಟ್ಟಿಯಾಗಿ ಹಿಡ್ಕೊಳಮ್ಮ, ನಾನು ತೋರಿಸ್ತೀನಿ."

ಸೊಸೆ ಹಲಗೆಯ ಎಡತುದಿಯನ್ನು ಅಂಗೈಯಲ್ಲಿ ಒತ್ತಿ ಹಿಡಿದಳು. ಮೇಸ್ತ್ರಿ ಯಂತ್ರ ಶುರು ಮಾಡಿ, ನಲವತ್ತು ವರ್ಷ ಉಜ್ಜುಗೊರಡು ತಳ್ಳಿದ ರೂಢಿಯಲ್ಲೇ ಬಲದಿಂದ ಎಡಕ್ಕೆ ತಳ್ಳಿದ. ಅಲಗು ಮರ ಕಚ್ಚಿದ್ದೇ ತಡ, ಯಂತ್ರ ಹಗ್ಗ ಹರಿದುಕೊಂಡ ಹೋರಿಯ ಹಾಗೆ ತಾನೇ ಓಡಿತು. ಒಂದು ಕೈ ಜಾರಿತು. ಇನ್ನೊಂದು ಕೈಯ ಬೆರಳಿಗೆ ಸ್ವಿಚ್ಚು ಎಟುಕಲಿಲ್ಲ. ಸೊಸೆ ಚೀರಿ ಹಿಂದಕ್ಕೆ ಹಾರಿದಳು. ಅತ್ತೆ ಒಂದೇ ನೆಗೆತಕ್ಕೆ ಗೋಡೆಯ ಹತ್ತಿರ ಹೋಗಿ ಪ್ಲಗ್ ಕಿತ್ತಳು. ಯಂತ್ರ ನಿಂತಾಗ, ಅಂಗೈ ಇದ್ದ ಜಾಗದಲ್ಲಿ ಹಲಗೆ ಸಿಗಿದು ಹೋಗಿತ್ತು.

ಚೀರಾಟ ಕೇಳಿ ಪಕ್ಕದ ಮನೆಯ ಎಂಟುಬೆರಳಕ್ಕ ಓಡಿ ಬಂದಳು. ಆ ಹೆಸರು ಅವಳೇ ಇಟ್ಟುಕೊಂಡದ್ದು. ಬೇರೆಯವರು ಬೆನ್ನ ಹಿಂದೆ ಇಡುವ ಮೊದಲು ನಾನೇ ಇಟ್ಟುಕೊಂಡೆ ಎನ್ನುತ್ತಿದ್ದಳು. ಅವಳೂ ಅದೇ ಕಾರ್ಖಾನೆಯಲ್ಲಿದ್ದವಳು. ಈಗ ಕೆಲಸಗಾರರ ಸಂಘದಲ್ಲಿ ಹೆಂಗಸರಿಗೆ ಯಂತ್ರದ ಕೆಲಸ ಕಲಿಸುತ್ತಿದ್ದಳು.

"ಏನಾಯ್ತು ಮೇಸ್ತ್ರಿ?"

"ಏನಿಲ್ಲಮ್ಮ. ಇವಳು ಸರಿಯಾಗಿ ಹಿಡ್ಕೊಳ್ಳಲಿಲ್ಲ. ಸ್ವಲ್ಪ ಅಜಾಗರೂಕತೆ."

ಮೇಸ್ತ್ರಿಗೇ ತನ್ನ ನಾಲಿಗೆಯ ಮೇಲೆ ನಾಚಿಕೆಯಾಯಿತು. ಹನ್ನೊಂದು ವರ್ಷದ ಹಿಂದೆ ಅಕ್ಕನ ಎರಡು ಬೆರಳು ಹೋದ ದಿನ, ಕಾರ್ಖಾನೆಯ ಅಪಘಾತದ ವರದಿಯಲ್ಲಿ ಇದೇ ಪದ ಬರೆದು ಸಹಿ ಹಾಕಿದವನು ಅವನು. ಅಂದು ಅಕ್ಕನ ಯಂತ್ರದ ಸ್ವಿಚ್ಚು ವಾರದಿಂದ ಸಡಿಲವಾಗಿತ್ತು. ಕೆಲಸ ಬೇಗ ಸಾಗಲಿ ಎಂದು ಅಲಗಿನ ಮುಂದಿನ ಮುಚ್ಚಳವನ್ನು ಮಾಲೀಕರೇ ಬಿಚ್ಚಿಸಿದ್ದರು. ಎರಡೂ ಅವನಿಗೆ ಗೊತ್ತಿದ್ದವು. ಯಂತ್ರವನ್ನು ಒಂದು ದಿನವೂ ಮುಟ್ಟದವನು ಯಂತ್ರ ಆಯ್ಕೆ ಮಾಡುತ್ತಾನೆ, ಮುಚ್ಚಳ ಬಿಚ್ಚಿಸುತ್ತಾನೆ. ರಕ್ತ ಬಿದ್ದಾಗ ಮಾತ್ರ ತಪ್ಪು ಕೆಲಸಗಾರರದು. ಜಗತ್ತಿನ ಎಷ್ಟು ಬೆರಳುಗಳು ಆ ಒಂದು ಪದದ ಅಡಿಯಲ್ಲಿ ಹೂತುಹೋಗಿವೆಯೋ!

"ಆ ಮಾತು ಇನ್ನೂ ಜೇಬಲ್ಲೇ ಇಟ್ಕೊಂಡು ತಿರುಗ್ತಿದ್ದೀರಲ್ಲ ಮೇಸ್ತ್ರಿ," ಎಂದಳು ಅಕ್ಕ. ಗದರಲಿಲ್ಲ. ಸಿಗಿದ ಹಲಗೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಎಡಕ್ಕೆ ತಳ್ಳಿದ್ರಿ ಅಲ್ವಾ? ನೀವು ಕಲಿತ ಕೈಕೆಲಸವೇ ನಿಮಗೆ ಮೋಸ ಮಾಡಿದೆ. ಅಲಗು ತಿರುಗೋ ಕಡೆಗೇ ತಳ್ಳಿದ್ರೆ ಅದು ಚಕ್ರದ ಹಾಗೆ ಉರುಳಿ ಓಡುತ್ತೆ. ನಿಮ್ಮ ಮುಂದಿರೋ ಹೊರಅಂಚಿಗೆ ರೂಟರ್ ಯಾವಾಗಲೂ ಎಡದಿಂದ ಬಲಕ್ಕೆ ಹೋಗಬೇಕು. ಆಗ ಅದು ನಿಮಗೆ ಎದುರು ಕೊಡುತ್ತೆ, ಹಿಡಿತದಲ್ಲಿರುತ್ತೆ. ಅಲ್ಲದೆ ಹಲಗೆ ಹಿಡಿಯೋಕೆ ಮನುಷ್ಯರ ಕೈ ಯಾಕೆ? ಮೇಜಿಗೆ ಬಿಗಿಯೋ ಕ್ಲಾಂಪ್ ಇಲ್ವಾ?"

"ಇದೆ ಅಕ್ಕ, ಮಾವ ಅವಸರ ಮಾಡಿದ್ರು," ಎಂದಳು ಸೊಸೆ. "ಅವಸರ ಮಾಡಿದ್ದು ಅವರು, ಅಜಾಗರೂಕತೆ ನಂದು."

"ಹಾಗೆ ಹೇಳು ಮಗಳೇ!" ಎಂದಳು ಅತ್ತೆ.

ಮೇಸ್ತ್ರಿ ಸೋಲಲಿಲ್ಲ. "ಆಯ್ತಮ್ಮ, ಹೊಸದೇ ತರೋಣ. ಆದ್ರೆ ದೊಡ್ಡದೇ ಬೇಕು. ಚಿಕ್ಕದು ಆಟದ ಸಾಮಾನು."

"ಮನೆಗೆ ಬಾಗಿಲು ಮಾಡಿಸೋರು ಆನೆ ಹೋಗೋ ಅಷ್ಟು ಅಗಲ ಮಾಡಿಸ್ತಾರಾ?" ಎಂದಳು ಅಕ್ಕ. "ದಿನವಿಡೀ ದಪ್ಪ ಬಾಗಿಲು ಕೊರೆಯೋರಿಗೆ, ಮೇಜಿನ ಕೆಳಗೆ ಯಂತ್ರ ಕೂರಿಸಿ ಕೆಲಸ ಮಾಡೋರಿಗೆ ದೊಡ್ಡದು. ಹಲಗೆ ಅಂಚಿಗೆ ಚಿಕ್ಕದೇ ಸಾಕು. ಇವಳನ್ನೂ ಕರ್ಕೊಂಡು ಹೋಗೋಣ. ಮನೆಯದೇ ಒಂದು ಮರದ ತುಂಡೂ ಇರಲಿ."

"ಹುಡುಗಿ ಯಾಕೆ ಅಂಗಡಿಗೆ?"

"ಚಪ್ಪಲಿ ತರೋಕೆ ನೀವೇ ಹೋಗ್ತೀರೋ, ನಿಮ್ಮ ಬದಲು ನನ್ನ ಕಾಲು ಕಳಿಸ್ತೀರೋ?"

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕಳು.

ಮಾರನೆಯ ಬೆಳಿಗ್ಗೆ ಮೇಸ್ತ್ರಿ, ಸೊಸೆ, ಅಕ್ಕ ಮೂವರೂ ಅಂಗಡಿಗೆ ಹೋದರು. ಅಂಗಡಿಯವನು ಮೇಸ್ತ್ರಿಗೆ ಮಾತ್ರ ಕುರ್ಚಿ ಹಾಕಿ, ಮೇಸ್ತ್ರಿಯ ಮುಖವನ್ನೇ ನೋಡುತ್ತ, ಎಲ್ಲಕ್ಕಿಂತ ದೊಡ್ಡ ರೂಟರನ್ನು ಗಾಜಿನ ಮೇಜಿನ ಮೇಲೆ ಇಟ್ಟ. "ಇದಾದ್ರೆ ನಿಮ್ಮ ಹೆಸರಿಗೆ ತಕ್ಕ ಹಾಗಿದೆ ಮೇಸ್ತ್ರಿಗಳೇ."

ಮೇಸ್ತ್ರಿಯ ಎದೆ ಒಂದಿಷ್ಟು ಉಬ್ಬಿತು. ಅಕ್ಕ ಸೊಸೆಯ ಬೆನ್ನು ತಟ್ಟಿದಳು. "ಪ್ಲಗ್ ಹಾಕದೆ ಹಿಡಿದು ನೋಡು. ಎರಡೂ ಕೈ ಹಿಡಿಯ ಮೇಲಿರಲಿ. ಈಗ ಕೈ ಬಿಡದೆ ಸ್ವಿಚ್ಚು ಆರಿಸು."

ಸೊಸೆ ಬೆರಳು ಚಾಚಿದಳು. ಎಟುಕಲಿಲ್ಲ. ಮತ್ತೆ ಚಾಚಿದಾಗ ಯಂತ್ರ ವಾಲಿತು. ಊದಿದ ಮಣಿಕಟ್ಟಿನ ನೋವಿಗೆ ಮುಖ ಕಿವುಚಿದಳು. ಮೇಸ್ತ್ರಿಯ ಕಣ್ಣಿಗೆ ಹಿಂದಿನ ದಿನದ ಹಲಗೆ ಕಟ್ಟಿತು. ತನ್ನ ಕೈಗೇ ಎಟುಕದ ಸ್ವಿಚ್ಚು ಇವಳ ಕೈಗೆ ಹೇಗೆ ಎಟುಕೀತು?

"ಅವರು ಯಾಕೆ ಹಿಡಿಯಬೇಕು? ಯಜಮಾನರು ನೀವೇ ಹೇಳಿ, ಯಾವುದು ಕೊಡಲಿ?" ಎಂದ ಅಂಗಡಿಯವನು.

ಮೇಸ್ತ್ರಿ ಕುರ್ಚಿಯಿಂದ ಎದ್ದ. "ಅವಳನ್ನ ಕೇಳಪ್ಪ. ಕೆಲಸ ಅವಳದು." ಸೊಸೆಯ ಕಡೆ ತಿರುಗಿ, "ಕೂತ್ಕೊಳಮ್ಮ. ಒಂದೊಂದೇ ನೋಡು, ಅವಸರ ಇಲ್ಲ," ಎಂದ.

ಸೊಸೆ ನಾಲ್ಕು ನೋಡಿದಳು. ಒಂದರ ಸ್ವಿಚ್ಚು ಗಡುಸು. ಇನ್ನೊಂದು ಒತ್ತಿದ ಕೂಡಲೇ ಕೈ ಜಗ್ಗುವಂತೆ ಎಗರಿತು. ಮೂರನೆಯದು ಹಗುರ, ಮೆಲ್ಲಗೆ ಶುರುವಾಗುತ್ತದೆ, ವೇಗ ಹೆಚ್ಚುಕಡಿಮೆ ಮಾಡಲು ತಿರುಪು ಇದೆ, ಹಿಡಿ ಬಿಡದೆ ಹೆಬ್ಬೆರಳಲ್ಲೇ ಆರಿಸಬಹುದು. ಆದರೆ ಕೆಟ್ಟರೆ ಬಿಡಿಭಾಗ ಊರಿಗೆ ಬರಲು ತಿಂಗಳು ಬೇಕು ಎಂದು ಅಂಗಡಿಯವನು ಒಪ್ಪಿಕೊಂಡ. ನಾಲ್ಕನೆಯದೂ ಹೆಚ್ಚುಕಡಿಮೆ ಅಂಥದೇ, ಬಿಡಿಭಾಗ ಅಂಗಡಿಯಲ್ಲೇ ಇತ್ತು, ಹೊಟ್ಟು ಎಳೆಯುವ ಕೊಳವೆ ಸಿಕ್ಕಿಸಲೂ ಜಾಗವಿತ್ತು. ತಂದಿದ್ದ ಮರದ ತುಂಡನ್ನು ಕ್ಲಾಂಪಿಗೆ ಬಿಗಿದು, ಎಡದಿಂದ ಬಲಕ್ಕೆ ಒಂದು ಸಲ ಓಡಿಸಿದಳು.

"ಇದು ನನ್ನ ಮಾತು ಕೇಳುತ್ತೆ ಮಾವ."

"ನಮ್ಮನೇಲಿ ನಿನ್ನ ಮಾತು ಕೇಳೋದು ಅದೊಂದಾದ್ರೂ ಇರಲಿ," ಎಂದ ಮೇಸ್ತ್ರಿ. ಅಂಗಡಿಯವನೂ ನಕ್ಕ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಮೂಗಿಗೆ ಮಾಸ್ಕ್ ಎಲ್ಲವನ್ನೂ ಮೇಸ್ತ್ರಿಯೇ ಕೇಳಿ ಕಟ್ಟಿಸಿದ.

ಮನೆಯಲ್ಲಿ ಸೊಸೆ ಪ್ಲಗ್ ಕಿತ್ತಿಟ್ಟು ಅಲಗು ಕೂರಿಸಿದಳು, ಅದು ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿದಳು. ಜಡೆ ಮೇಲೆ ಕಟ್ಟಿದಳು. ಅಂಚನ್ನು ಒಂದೇ ಏಟಿಗೆ ಕೊರೆಯದೆ, ಮೊದಲು ತೆಳ್ಳಗೆ, ಆಮೇಲೆ ಇನ್ನಷ್ಟು ಎಂದು ಮೂರು ಸಲಕ್ಕೆ ಮುಗಿಸಿದಳು. ಅತ್ತೆ ಅಂಚಿಗೆ ಕೆನ್ನೆ ಒತ್ತಿ ನೋಡಿ, "ಮಗುಗೆ ನೋಯಲ್ಲ ಬಿಡು," ಎಂದಳು. ಸಂಜೆಯೊಳಗೆ ಒಂಬತ್ತು ಹಲಗೆ ಗೋಡೆಗೆ ಒರಗಿದ್ದವು.

ಹೊಟ್ಟು ಗುಡಿಸುತ್ತಿದ್ದ ಮೇಸ್ತ್ರಿ ಪೊರಕೆ ನಿಲ್ಲಿಸಿ, ಹಲಗೆ ನೋಡಲು ಬಂದಿದ್ದ ಅಕ್ಕನ ಕಡೆ ತಿರುಗಿದ. "ಅಮ್ಮಾ, ಅವತ್ತು ನಾನು ವರದಿಯಲ್ಲಿ ಬರೆದದ್ದು ಸುಳ್ಳು. ಸ್ವಿಚ್ಚಿನ ವಿಷಯ, ಮುಚ್ಚಳದ ವಿಷಯ, ಎಲ್ಲ ಸಂಘಕ್ಕೆ ಬಂದು ಬರ್ಕೊಡ್ತೀನಿ."

ಅಕ್ಕ ಹಲಗೆಯ ನುಣುಪಾದ ಅಂಚಿನ ಮೇಲೆ ಕೈಯಾಡಿಸಿದಳು. "ನನ್ನ ಬೆರಳು ಬರಲ್ಲ ಮೇಸ್ತ್ರಿ."

"ಗೊತ್ತಮ್ಮ. ಆದ್ರೆ ಮುಚ್ಚಳ ಇಲ್ಲದ ಆ ಮಷೀನ್ ಮುಂದೆ ಇವತ್ತೂ ಯಾರೋ ನಿಂತಿದ್ದಾರಲ್ಲ."

"ಹಾಗಾದ್ರೆ ನಾಳೆ ಹತ್ತು ಗಂಟೆಗೆ ಬನ್ನಿ," ಎಂದಳು ಅಕ್ಕ. "ತಡ ಮಾಡಬೇಡಿ."

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನೀವೂ ಮನೆಯಲ್ಲಿ ಮರದ ಕೆಲಸಕ್ಕೆ ರೂಟರ್ ಕೊಳ್ಳುವವರಿದ್ದೀರಿ. ಅಂಗಡಿಯವನ ಹೊಗಳಿಕೆಗೆ ಉಬ್ಬಬೇಡಿ, ಯಂತ್ರದ ಗಾತ್ರಕ್ಕೆ ಬೆರಗಾಗಬೇಡಿ. ನಿಮ್ಮ ಕೆಲಸ ಎಷ್ಟು, ಎರಡೂ ಕೈ ಹಿಡಿಯಲ್ಲಿದ್ದಾಗ ಸ್ವಿಚ್ಚು ಎಟುಕುತ್ತದೆಯೇ, ಮೆಲ್ಲಗೆ ಶುರುವಾಗುತ್ತದೆಯೇ, ಕೆಟ್ಟರೆ ಊರಲ್ಲೇ ಸರಿಯಾಗುತ್ತದೆಯೇ ಎಂದು ನೋಡಿ. ಯಾರಿಗಾದರೂ ಗಾಯವಾದರೆ ಅಜಾಗರೂಕತೆ ಎನ್ನುವ ಮೊದಲು ಯಂತ್ರವನ್ನು ಪರೀಕ್ಷಿಸಿ. ಎಲ್ಲಕ್ಕಿಂತ ಮೊದಲು, ಇದನ್ನು ದಿನವೂ ಹಿಡಿದು ನಿಲ್ಲುವವರು ಯಾರೆಂದು ಮನೆಯಲ್ಲಿ ಕೇಳಿ. ಅಂಗಡಿಗೆ ಹೋಗುವಾಗ ಅವರು ಮುಂದೆ ನಡೆಯಲಿ, ನೀವು ಹಿಂದೆ ನಡೆಯಿರಿ.