ಗುರುವಾರದ ಹೊಗೆ

ನಮ್ಮ ಯಜಮಾನರು ಮುರಳೀಧರ ಗುರುವಾರ ಒಪ್ಪತ್ತು ಮಾಡುವವರು. ರಾಯರ ವಾರ, ಮಧ್ಯಾಹ್ನ ಒಂದೂಟ, ರಾತ್ರಿ ಒಂದು ಲೋಟ ಹಾಲು. ನೆದರ್ಲೆಂಡ್ಸಿನ ಯುಟ್ರೆಕ್ಟ್‌ಗೆ ಬಂದ ಮೇಲೂ ಬಿಟ್ಟಿಲ್ಲ. ಅಂಥವರ ಜಾಕೆಟ್ಟು ಗುರುವಾರವೇ ಸುಟ್ಟ ಮಾಂಸದ ವಾಸನೆ ಹೊಡೆದರೆ ಹೆಂಡತಿಯಾದವಳು ಏನು ತಿಳಿಯಬೇಕು?

"ಟ್ರೈನಲ್ಲಿ ಪಕ್ಕದವನು ಬರ್ಗರ್ ತಿಂತಿದ್ದ ಕಣೇ" ಎಂದರು ಮೊದಲ ಸಲ. ಮುಂದಿನ ವಾರವೂ ಅದೇ ವಾಸನೆ. ಆ ಬರ್ಗರಿನವನು ಪ್ರತಿ ಗುರುವಾರ ಇವರನ್ನೇ ಹುಡುಕಿಕೊಂಡು ಟ್ರೈನು ಹತ್ತುತ್ತಾನೇನು? ನನ್ನ ಕಿವಿಗೆ ಹೂವಿಡಲು ಬಂದಿದ್ದರು ಮಹಾರಾಯರು!

ಇವರೇ ಮಾಂಸ ತಿಂದಿರಬಹುದೆಂಬ ಅನುಮಾನ ಮಾತ್ರ ನನಗೆ ಬರಲೇ ಇಲ್ಲ. ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಮುಟ್ಟದ ಮನುಷ್ಯ. ಹಾಗಾದರೆ ತಿನ್ನುವವರು ಬೇರೆ ಯಾರೋ, ಇವರು ಎದುರಿಗೆ ಕೂತಿರುತ್ತಾರೆ. ಅಷ್ಟು ಹೊಗೆ ಸಹಿಸಿಕೊಂಡು ಕೂರಬೇಕಾದರೆ ಎದುರಿಗಿರುವುದು ಹೆಣ್ಣೇ ಇರಬೇಕು. ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು ನನಗೆ.

ಅದಕ್ಕೆ ತುಪ್ಪ ಸುರಿದವಳು ಆಫೀಸಿನ ಹರ್ಷಿತಾ. "ಊರ್ಮಿಳಾ, ಮೊನ್ನೆ ಗುರುವಾರ ನಿಮ್ ಹಸ್ಬೆಂಡ್ ಕಾಲುವೆ ಪಕ್ಕದ ಜಪಾನೀಸ್ ಗ್ರಿಲ್ ಒಳಗೆ ಹೋಗ್ತಿದ್ರು ರೀ. ಚಿಕ್ಕ ಜಾಗ, ತುಂಬಾ ಕೋಝಿ. ಅಲ್ಲಿ ಬರೀ ಬೀಫ್ ಅಲ್ವಾ?"

"ಒಬ್ರೇ ಇದ್ರಾ?"

"ಅದನ್ನ ನೋಡ್ಲಿಲ್ಲಪ್ಪ" ಎಂದು ಕಣ್ಣು ಬೇರೆ ಕಡೆ ತಿರುಗಿಸಿದಳು.

ಮುಂದಿನ ಗುರುವಾರ ಆಫೀಸಿನಿಂದ ಬೇಗ ಹೊರಟೆ. ಮಗಳು ನಿಖಿತಾಳ ಚಿಂತೆಯಿರಲಿಲ್ಲ. ಪ್ರತಿ ಗುರುವಾರ ಅವಳು ಹಾಕಿ ಪ್ರಾಕ್ಟೀಸ್ ಮುಗಿಸಿ ಗೆಳತಿಯ ಮನೆಯಲ್ಲೇ ಊಟ ಮಾಡುತ್ತಾಳೆ. ಬಂದವಳೇ ಬಟ್ಟೆ ಮಷೀನಿಗೆ ಹಾಕಿ ಕೋಣೆ ಸೇರುತ್ತಾಳೆ. ಹದಿನೈದರ ಹುಡುಗಿ, ನಾನು ಏನು ಕೇಳಿದರೂ "ಫೈನ್" ಅನ್ನುವುದು ಬಿಟ್ಟರೆ ಮಾತಿಲ್ಲ.

ಸೈಕಲ್ಲನ್ನು ಕಾಲುವೆಯ ಕಂಬಿಗೆ ಸೇರಿಸಿ ಬೀಗ ಹಾಕುವಾಗಲೂ ಬೈಗುಳಗಳನ್ನು ಜೋಡಿಸುತ್ತಿದ್ದೆ. ಆ ಹೆಂಗಸಿಗೆ ಇಂಗ್ಲಿಷಿನಲ್ಲಿ, ಇವರಿಗೆ ಕನ್ನಡದಲ್ಲಿ. ಬಾಗಿಲಿನ ಪರದೆ ಸರಿಸಿದೆ. ಒಳಗೆ ನಾಲ್ಕೇ ಮೇಜು, ಪ್ರತಿಯೊಂದರ ನಡುವೆ ಕೆಂಡದ ಒಲೆ, ಅದರ ಮೇಲೊಂದು ಜಾಲರಿ. ಇವರು ನನಗೆ ಬೆನ್ನು ಹಾಕಿ ಕೂತಿದ್ದರು. ಅಂಗಿಯ ತೋಳು ಮಡಚಿಕೊಂಡು, ಇಕ್ಕಳದಲ್ಲಿ ತೆಳ್ಳನೆಯ ದನದ ಮಾಂಸವನ್ನು ಜೋಪಾನವಾಗಿ ತಿರುವಿಹಾಕುತ್ತಿದ್ದರು. ಅವರ ಮುಂದೆ ನೀರಿನ ಲೋಟ ಮಾತ್ರ. ಎದುರಿಗೆ ಕೂತು ತಿನ್ನುತ್ತಿದ್ದವಳು ನಿಖಿತಾ.

ಅವಳು ನಗುತ್ತಿದ್ದಳು. ತಲೆ ಹಿಂದಕ್ಕೆ ಚೆಲ್ಲಿ, ಕಣ್ಣಲ್ಲಿ ನೀರು ಬರುವಂತೆ. ಮನೆಯಲ್ಲಿ ಆ ನಗು ಕೇಳಿ ಯಾವ ಕಾಲವಾಗಿತ್ತೋ!

ಸದ್ಯ, ಯಾವ ಹೆಂಗಸೂ ಇಲ್ಲ ಎಂದು ಜೀವ ಹಗುರವಾಯಿತು. ಮರುಕ್ಷಣವೇ ಕೋಪ ನೆತ್ತಿಗೇರಿತು. ರಾಯರ ವಾರ, ದನದ ಮಾಂಸ, ಅದೂ ಅಪ್ಪನೇ ಸುಟ್ಟು ಮಗಳಿಗೆ ಬಡಿಸುವುದೇ! ಬಾಯಿ ತೆರೆದೆ. ಅಷ್ಟರಲ್ಲಿ ನಿಖಿತಾ ನನ್ನನ್ನು ಕಂಡಳು. ನಗು ಅಲ್ಲೇ ನಿಂತಿತು.

"ಅಮ್ಮಾ ಪ್ಲೀಸ್, ಇಲ್ಲಿ ಕಿರುಚಬೇಡ. ಮನೇಲಿ ಬೈಯಿ."

ಇವರು ಗಡಬಡಿಸಿ ಎದ್ದರು. "ಊರ್ಮಿ, ಫ್ರೆಂಡ್ಸ್ ಜೊತೆ ತಿಂದಿದ್ಲಂತೆ, ನಂಗೆ ಹೇಳಿದ್ಲು. ಕದ್ದು ತಿನ್ನೋದಕ್ಕಿಂತ ನನ್ ಮುಂದೇನೇ ತಿನ್ಲಿ ಅಂದೆ. ಗುರುವಾರ ಆದ್ರೆ ಮನೇಲಿ ನನ್ನ ಊಟಕ್ಕೆ ನೀನು ಕಾಯಲ್ಲ, ಅದಕ್ಕೆ..."

"ನಂಗ್ಯಾಕೆ ಹೇಳ್ಲಿಲ್ಲ ಪುಟ್ಟೀ?"

"ಹೇಳಿದ್ರೆ ಏನಾಗುತ್ತೆ ಅಂತ ನಿಂಗೇ ಗೊತ್ತಲ್ವಾ" ಎಂದಳು ಮಗಳು. ಕೊಂಕಿರಲಿಲ್ಲ, ಇದ್ದದ್ದನ್ನು ಹೇಳಿದಳು ಅಷ್ಟೇ.

ಇಬ್ಬರೂ ಬೈಸಿಕೊಳ್ಳಲು ಸಿದ್ಧರಾಗಿ ಹೆಗಲು ಕುಗ್ಗಿಸಿದ್ದರು. ಜೋಡಿಸಿಟ್ಟಿದ್ದ ಒಂದು ಬೈಗುಳವೂ ನಾಲಿಗೆಗೆ ಬರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು. ಕುರ್ಚಿ ಎಳೆದುಕೊಂಡು ಕೂತೆ.

"ಅಲ್ಲಿ ಸೀದುಹೋಗ್ತಿದೆ, ತಿರುವಿಹಾಕ್ರೀ" ಎಂದೆ.

ಇವರು ತಿರುವಿಹಾಕಿದರು. ನಿಖಿತಾ ನನ್ನ ಮುಖ ನೋಡುತ್ತಲೇ ಒಂದು ತುಂಡು ತೆಗೆದುಕೊಂಡಳು.

"ಆಗ ಏನಕ್ಕೆ ಅಷ್ಟೊಂದು ನಗ್ತಿದ್ದೆ?" ಎಂದು ಮೆಲ್ಲಗೆ ಕೇಳಿದೆ.

ಅವಳು ಅಪ್ಪನ ಕಡೆ ನೋಡಿದಳು.

"ನಥಿಂಗ್, ಅಮ್ಮ" ಎಂದಳು.