ಪಂಚೆ ಕಟ್ಟಿದ ಗಾಡಿ

"ಲೇ, ಆ ಗಾಜಿಗೆ ಪಂಚೆ ಕಟ್ರೋ! ಇವ್ನ ಮೂತಿ ಕಾಣ್ಬಾರ್ದು. ಮೇಲೆ ಭಟ್ರು, ಕೆಳಗೆ ಇವ್ನು, ಇಬ್ರೂ ಒಂದೇ ಫೋಟೋದಲ್ಲಿ ಬಂದ್ರೆ ಜನ ಮುಖಕ್ಕೆ ಉಗೀತಾರೆ."

ಕುಂಭಾಭಿಷೇಕದ ದಿನ ಗುಡಿ ಕಮಿಟಿಯ ಚಂದ್ರಶೇಖರಯ್ಯ ಹೀಗೆ ಕೂಗಿದಾಗ ನಂದೀಶ್ ಉದ್ದ ತೋಳಿನ ಬೂಮ್ ಗಾಡಿಯ ಸೀಟಿನಲ್ಲೇ ಕೂತಿದ್ದ. ಅವನಿಗೆ ಕೈಸನ್ನೆ ಕೊಡಲು ಕೆಳಗೆ ನಿಂತಿದ್ದ ತಂಗಿ ಬಿಂದುಶ್ರೀ ತಲೆ ತಗ್ಗಿಸಿದಳು. ಚಾಮರಾಜಪೇಟೆಯ ಆ ಇಕ್ಕಟ್ಟು ಕ್ರಾಸಿನಲ್ಲಿ ಗೋಪುರ ಎದ್ದದ್ದೇ ಈ ಗಾಡಿಯಿಂದ. ಮಳೆಗಾಲದಿಂದಲೂ ಅಣ್ಣ ಇಟ್ಟಿಗೆ, ಸಿಮೆಂಟು, ಗಾರೆಯ ಗೊಂಬೆ ಎಲ್ಲವನ್ನೂ ಅದರ ತೋಳಿನಿಂದ ಮೇಲೇರಿಸಿದ್ದ. ಅಮ್ಮ ನರಸಮ್ಮ ಗರ್ಭಗುಡಿಯ ನೆಲವನ್ನು ಕೆರೆದು ಕೆರೆದು ತೊಳೆದಿದ್ದಳು.

"ಇಷ್ಟ್ ದಿನ ಇಲ್ದಿದ್ದು ಇವತ್ತೇನ್ ಸಾರ್?" ಎಂದ ನಂದೀಶ್.

"ಇಷ್ಟ್ ದಿನ ಬರೀ ಕಲ್ಲು ಕಣಯ್ಯ. ಇವತ್ತು ದೇವ್ರು ಬರ್ತಾನೆ. ಆಗಲ್ಲ ಅನ್ನು, ನಿನ್ ಓನರ್‌ಗೆ ಫೋನ್ ಮಾಡ್ತೀನಿ. ನಾಳೆಯಿಂದ ನಿಮ್ ಶ್ರೀರಾಂಪುರದಲ್ಲಿ ಗೋಲಿ ಆಡ್ಕೊಂಡಿರು."

ಮನೆ ನಡೆಯುತ್ತಿದ್ದದ್ದು ಆ ಕೆಲಸದಿಂದ. ನಂದೀಶ್ ಇಂಜಿನ್ ಕೀಲಿ ತಿರುಗಿಸಿದ. ಪಂಚೆ ಇಳಿಬಿತ್ತು. ಪಕ್ಕದಲ್ಲಿ, ಬಿಂದುಶ್ರೀ ನಿಂತ ಕಡೆ, ಗೇಣಗಲ ಸಂದಿ ಉಳಿಯಿತು.

"ನಿನ್ ಕೈಯೊಂದ್ ಬಿಟ್ರೆ ನಂಗೇನೂ ಕಾಣಲ್ಲ ಕಣೇ," ಎಂದು ಒಳಗಿನಿಂದ ಅಣ್ಣನ ದನಿ ಬಂತು. "ಹುಷಾರು."

ಗಾಡಿ ಅಲುಗದಂತೆ ಅದರ ಮುಂದಿನ ಕಬ್ಬಿಣದ ಕಾಲುಗಳು ನೆಲಕ್ಕೆ ಒತ್ತಿ ನಿಂತವು. ತೋಳಿನ ತುದಿಯ ಕಬ್ಬಿಣದ ಬುಟ್ಟಿಗೆ ತೋರಣ ಕಟ್ಟಿದ್ದರು. ಅದರೊಳಗೆ ಭಟ್ಟರು, ಅವರ ಕೈಯಲ್ಲಿ ಕಲಶಕ್ಕೆ ಎರೆಯುವ ತಾಮ್ರದ ಕೊಡ. ಬಿಂದುಶ್ರೀ ಅಂಗೈ ಎತ್ತಿದಳು. ತೋಳು ಎದ್ದಿತು. ಕೈ ಮುಂದೆ ಚಾಚಿದಳು. ತೋಳಿನ ಕೊಳವೆಯೊಳಗಿಂದ ಕೊಳವೆ ಜಾರಿ ಹೊರಬಂದು, ಭಟ್ಟರು ಗೋಪುರದ ಗೊಂಬೆಗಳನ್ನು ದಾಟಿ ಏರಿದರು. ಓಲಗ ಜೋರಾಯಿತು.

ಆಗ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಬಳಿ, ಚಂದ್ರಶೇಖರಯ್ಯನ ಮುಂದೆ ಅಮ್ಮ ಕಂಡಳು, ಕೈಯಲ್ಲಿ ತೆಂಗಿನಕಾಯಿ.

"ಇದೊಂದ್ ಒಡಿಸ್ಕೊಡಿ ಸ್ವಾಮಿ. ಒಳಗೆಲ್ಲ ನಾನೇ ತೊಳ್ದಿದ್ದು."

"ತೊಳ್ದಿದ್ದಕ್ಕೆ ಕೂಲಿ ಇಸ್ಕೊಂಡಿಲ್ವೇನೇ ಮುಂಡೆ? ಹಿಂದಕ್ ಹೋಗು. ಮತ್ತೆ ತೊಳ್ಸೋ ಹಂಗೆ ಮಾಡ್ಬೇಡ."

ಚಂದ್ರಶೇಖರಯ್ಯ ಅವಳನ್ನು ಮುಟ್ಟಲಿಲ್ಲ. ಕೈಯಲ್ಲಿದ್ದ ಛತ್ರಿಯ ತುದಿಯನ್ನು ಎದೆಗಿಟ್ಟು ತಳ್ಳಿದ. ನರಸಮ್ಮ ರಸ್ತೆಗೆ ಕುಸಿದಳು. ಕಾಯಿ ಚರಂಡಿಗೆ ಉರುಳಿತು.

ಬಿಂದುಶ್ರೀ ಮುಷ್ಟಿ ಕಟ್ಟಿದಳು. ತೋಳು ನಿಂತಿತು.

"ಯಾಕೇ?" ಎಂದ ನಂದೀಶ್ ಪಂಚೆಯ ಹಿಂದಿನಿಂದ.

"ಅಮ್ಮನ್ನ ಛತ್ರೀಲಿ ತಳ್ಳಿ ಬೀಳಿಸ್ದ ಕಣಣ್ಣ."

ಇಂಜಿನ್ ಆರಿತು. ಪಂಚೆಯನ್ನು ಕಿತ್ತೆಸೆದು ನಂದೀಶ್ ಇಳಿದ. ಆರಿದ ಗಾಡಿಯ ತೋಳು ಬೀಳುವುದಿಲ್ಲ. ಒಳಗಿನ ಎಣ್ಣೆ ಅದನ್ನು ಇದ್ದಲ್ಲೇ ಹಿಡಿದಿಡುತ್ತದೆ. ಭಟ್ಟರ ಬುಟ್ಟಿಯಿಂದ ಕಲಶಕ್ಕೆ ಇನ್ನೊಂದು ಮಾರು ದೂರವಿತ್ತು.

"ಏಯ್, ಮುಹೂರ್ತ ಮೀರ್ತಿದೆ!" ಎಂದು ಮೇಲಿನಿಂದ ಭಟ್ಟರು ಕಿರುಚಿದರು. "ಮುಂದಕ್ಕಾದ್ರೂ ತಗೋ, ಕೆಳಗಾದ್ರೂ ಇಳ್ಸೋ!"

"ಹತ್ತೋ ಬೋಳಿಮಗ್ನೆ! ಇವತ್ತೇ ನಿನ್ ಕೆಲ್ಸ ಹೋಯ್ತು ಅಂತ ತಿಳ್ಕೊ," ಎಂದ ಚಂದ್ರಶೇಖರಯ್ಯ.

"ಹೋಗ್ಲಿ ಬಿಡಿ. ಸೀಟು ಖಾಲಿ ಇದೆ, ನೀವೇ ಹತ್ತಿ."

ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಹತ್ತಲಿಲ್ಲ. ಚಂದ್ರಶೇಖರಯ್ಯ ದನಿ ಇಳಿಸಿದ. "ಆಯ್ತಪ್ಪ, ಏನ್ ಬೇಕು ಹೇಳು."

ಉತ್ತರ ಬಂದದ್ದು ಬಿಂದುಶ್ರೀಯಿಂದ. ಅಷ್ಟು ಜನರೆದುರು ಅವಳು ಎಂದೂ ಮಾತಾಡಿದವಳಲ್ಲ.

"ನಮ್ಮಮ್ಮನ್ನ ಎಬ್ಬಿಸಿ. ಛತ್ರೀಲಲ್ಲ, ಕೈ ಹಿಡ್ದು."

ಓಲಗದವರು ಊದುವುದನ್ನು ನಿಲ್ಲಿಸಿಬಿಟ್ಟರು. ನಂದೀಶ್ ಅಮ್ಮನನ್ನು ಎತ್ತಲು ಬಾಗಿದ. ನರಸಮ್ಮ ಮಗನನ್ನು ಆಚೆ ಸರಿಸಿದಳು. ಕೂತಲ್ಲಿಂದಲೇ, ಗಾರೆ ಕೆರೆದು ಬಿರಿದ ತನ್ನ ಕೈಯನ್ನು ಚಂದ್ರಶೇಖರಯ್ಯನ ಕಡೆಗೆ ಚಾಚಿ ಹಿಡಿದಳು.